‘ಅಹುದು’ ಅಂದ ಮದುಮಗ

ಗಡಿಯಾರ ರಿಪೇರಿಯವನ ಮದುವೆಗೆ ಎಲ್ಲರೂ ಒಪ್ಪಿದ್ದರು. ಹುಡುಗಿಯ ಅಜ್ಜ ಮಾತ್ರ ಕೊನೆಯ ಗಳಿಗೆಯಲ್ಲಿ ಕೊಕ್ಕೆ ಹಾಕಿದರು.

“ನೋಡಪ್ಪಾ, ಸಾಯಂಕಾಲ ರಿಜಿಸ್ಟ್ರಾರು ‘ಒಪ್ಪಿಗೆಯೇ’ ಅಂತ ಕೇಳಿದಾಗ ‘ಅಹುದು’ ಅನ್ನಬೇಕು. ‘ಹೌದು’ ಅನ್ನೋದು, ಸೋಪು ಇದೆಯಾ ಅಂದ್ರೆ ಅಂಗಡಿಯವನು ಹೇಳೋ ಮಾತು. ನೀನು ಹಾಗೇನಾದ್ರೂ ಅಂದ್ರೆ ನಾನು ಸಾಕ್ಷಿ ಸಹಿ ಹಾಕೋಲ್ಲ!”

ಅಜ್ಜ ಮೇಷ್ಟ್ರಾಗಿದ್ದವರು. ಹಿಡಿದರೆ ಉಡದ ಪಟ್ಟು. ಇವನಿಗೋ ನಾಲ್ಕು ಜನರೆದುರು ‘ಹೌದು’ ಅನ್ನಲೂ ನಾಲಿಗೆ ತೊಡರುತ್ತಿತ್ತು.

ಗಡ್ಡ ಹೆರೆಯುತ್ತಾ ಕ್ಷೌರಿಕ ಹೇಳಿದ: “ಅದು ನಾಟಕದ ರಾಜರ ಮಾತಣ್ಣಾ. ಎದೆ ಉಬ್ಬಿಸಿ ಹೇಳ್ಬೇಕು.”

ಉಬ್ಬಿಸಿದ. ಕತ್ತಿ ಗಲ್ಲ ಸೀಳಿತು.

ಮಹಡಿಮನೆ ಅತ್ತೆ ಗಾಯಕ್ಕೆ ಹತ್ತಿ ಮೆತ್ತುತ್ತಾ, “ರಾಜ ಎಲ್ಲಾದ್ರೂ ಅಹುದು ಅಂತಾನೇನೋ? ಮಂತ್ರಿ ಅನ್ನೋದು. ತಲೆ ತಗ್ಗಿಸಿ ಹೇಳು” ಅಂದರು. ತಲೆ ತಗ್ಗಿಸಿ ಅಭ್ಯಾಸ ಮಾಡುತ್ತಾ ಇಳಿದವನಿಗೆ ಕೊನೆಯ ಮೆಟ್ಟಿಲು ತಪ್ಪಿತು.

ನಾಲ್ಕೂವರೆಗೆ ಕುಂಟುತ್ತಾ ಕಚೇರಿಗೆ ಬಂದವನನ್ನು ಹುಡುಗಿ ನೋಡಿದಳು. “ಇದೇನ್ರೀ, ಯುದ್ಧ ಮುಗಿಸಿ ಬಂದ್ರಾ?”

ರಿಜಿಸ್ಟ್ರಾರು ಹುಣಸೆಹಣ್ಣು ತಿಂದವರ ಮುಖ ಮಾಡಿಕೊಂಡು ಕೇಳಿದರು: “ಒಪ್ಪಿಗೆಯೇ?”

“ಅ... ಅಹು... ಅಹುದು!”

ಬರೆಯುತ್ತಿದ್ದ ಪೆನ್ನು ನಿಂತಿತು. ಕೆಟ್ಟೆ ಅಂದುಕೊಂಡ. ಆದರೆ ರಿಜಿಸ್ಟ್ರಾರು ಎದ್ದು ಬಂದು ಇವನ ಎರಡೂ ಕೈ ಹಿಡಿದುಕೊಂಡರು.

“ಇಪ್ಪತ್ತು ವರ್ಷದಿಂದ ಈ ಕುರ್ಚೀಲಿದ್ದೀನಿ. ಈ ಮಾತು ಅಂದವರು ನೀವೇ ಮೊದಲು! ಅರ್ಥ ಗೊತ್ತೇನ್ರೀ? ‘ಆಗುವುದು’ ಅಂತ! ಹಳಗನ್ನಡದ ‘ಅಪ್ಪುದು’ ಸವೆದು ಅಹುದು, ಅಹುದು ಸವೆದು ಹೌದು...”

“ಈಗ ಅದನ್ನೂ ಸವೆಸಿ ‘ಹೂಂ’ ಅಂತಾರೆ!” ಅಂತ ಅಜ್ಜ ಕುರ್ಚಿ ಎಳೆದುಕೊಂಡರು. ಎಂದೋ ಅಗಲಿದ ಅಣ್ಣತಮ್ಮಂದಿರು ಮತ್ತೆ ಸೇರಿದಂತಾಯಿತು.

“ಸಾರ್, ಸಹಿ...” ಎಂದು ಇವನು ಮೂರು ಸಲ ಅಂದ. ಕೇಳುವವರಾರು? ಗೋಡೆ ಗಡಿಯಾರ ಐದು ಹೊಡೆಯಿತು. ಗುಮಾಸ್ತ ಮೊಹರನ್ನು ಬೀರುವಿಗೆ ಹಾಕಿ ಬೀಗ ಜಡಿದ.

“ಅಯ್ಯೋ, ಆ ಗಡಿಯಾರ ಹತ್ತು ನಿಮಿಷ ಮುಂದಿದೆ ಸ್ವಾಮಿ!”

“ಇರಬಹುದು. ಕಚೇರಿ ನಡೆಯೋದು ಅದರ ಪ್ರಕಾರವೇ. ನಾಳೆ ಬನ್ನಿ.”

ಹೊರಗೆ ಕಟ್ಟೆಯ ಮೇಲೆ ಕುಸಿದು ಕೂತವನಿಗೆ ಅಳುವೇ ಬಂತು. ಹುಡುಗಿ ನಗುತ್ತಾ ಪಕ್ಕದಲ್ಲಿ ಕೂತಳು. “ಒಂದು ರಾತ್ರಿ ತಾನೇ? ನಿಮ್ಮದು ಆಯ್ತಲ್ಲ, ನಾಳೆ ಕೇಳೋದು ನನ್ನನ್ನ. ಹೂಂ ಅಂದು ಎರಡು ನಿಮಿಷಕ್ಕೆ ಮುಗಿಸ್ತೀನಿ.”

ಅವನಿಗೆ ಹೋದ ಜೀವ ಬಂದಂತಾಯಿತು. ಅಷ್ಟರಲ್ಲಿ ಕಿಟಕಿಯಿಂದ ರಿಜಿಸ್ಟ್ರಾರ ದನಿ ಕೇಳಿಸಿತು:

“ಮೇಷ್ಟ್ರೇ, ನಾಳೆ ಹುಡುಗಿ ಬಾಯಲ್ಲಿ ‘ಅಪ್ಪುದು’ ಅನ್ನಿಸೋಣ. ಇನ್ನೂ ಹಳೇದು!”

“ಅನ್ನಿಸದೆ ನಾನು ಸಹಿ ಹಾಕ್ತೀನಾ?” ಅಂದರು ಅಜ್ಜ.

ಇವನು ತಲೆಯ ಮೇಲೆ ಕೈ ಹೊತ್ತುಕೊಂಡ. ಹುಡುಗಿ ಆ ಕೈ ಬಿಡಿಸಿ ತನ್ನ ಕೈಯಲ್ಲಿಟ್ಟುಕೊಂಡಳು.

“ಅದನ್ನೂ ಅಂದುಬಿಡ್ತೀನಿ ಬಿಡ್ರೀ. ಒಂದು ಮಾತಿಗೆ ಹೆದರಿ ನಿಮ್ಮನ್ನ ಬಿಟ್ಟುಕೊಡ್ತೀನಾ?”