ಬಲಗಡೆ ಸ್ಟಿಯರಿಂಗಿನ ದೇಶಗಳು

ನನ್ನ ಸೋದರಮಾವ ಭೂಗೋಳ ಓದಿದವರಲ್ಲ. ಆದರೂ ಪ್ರಪಂಚದ ಅಷ್ಟೂ ದೇಶಗಳನ್ನು ಎರಡೇ ಗುಂಪು ಮಾಡಿಟ್ಟಿದ್ದಾರೆ. ಕಾರಿನ ಸ್ಟಿಯರಿಂಗ್ ಬಲಗಡೆ ಇರುವ ದೇಶಗಳನ್ನು ಸ್ವಲ್ಪ ಮಟ್ಟಿಗೆ ನಂಬಬಹುದು. ಎಡಗಡೆ ಇರುವವನ್ನು ಸುತರಾಂ ನಂಬಬಾರದು! ಪಕ್ಕದ ಮನೆಯವರು ಮಗಳಿಗೆ ಎರಡು ಸಂಬಂಧ ಬಂದಿವೆ, ಒಂದು ಕೆನಡಾ, ಇನ್ನೊಂದು ನ್ಯೂಜಿಲೆಂಡ್ ಎಂದು ಸಲಹೆ ಕೇಳಲು ಬಂದಾಗ ಮಾವ ಜಾತಕ ಮುಟ್ಟಲಿಲ್ಲ, ಕೆಲಸ ಏನೆಂದು ವಿಚಾರಿಸಲಿಲ್ಲ. ನ್ಯೂಜಿಲೆಂಡೇ ಆಗಲಿ ಎಂದುಬಿಟ್ಟರು. ಹುಡುಗಿಯೂ ಅವನನ್ನೇ ಒಪ್ಪಿದ್ದಳೆನ್ನಿ. ಆರತಕ್ಷತೆಯಲ್ಲಿ ಎಲ್ಲರೂ ಮದುಮಗನ ಕೈ ಕುಲುಕಿ ಊಟಕ್ಕೆ ಓಡಿದರೆ, ಮಾವ ಅವನ ಕೈಯಲ್ಲಿ ಒಂದು ಚೀಟಿ ಇಟ್ಟರು. ಅದರಲ್ಲಿ ಸ್ಟಿಯರಿಂಗಿನ ಕೆಳಗೆ ಕೂರುವ ಒಂದು ಕಬ್ಬಿಣದ ತೋಳಿನ ಪಾರ್ಟ್ ನಂಬರಿತ್ತು. ಪಾಪ, ಹುಡುಗ ಮೊದಲ ದೀಪಾವಳಿಗೆ ಬರುವಾಗ ಚಾಕೊಲೇಟಿನ ಬದಲು ಅದನ್ನೇ ಹೊತ್ತು ತಂದ. ವಿಮಾನ ನಿಲ್ದಾಣದಲ್ಲಿ ಅವನನ್ನು ಒಂದು ಗಂಟೆ ಕೂರಿಸಿಕೊಂಡಿದ್ದರಂತೆ. ಮಾವನಿಗೆ ಅದರಿಂದಲೂ ಅನುಮಾನ. ಆ ಒಂದು ಗಂಟೆಯಲ್ಲಿ ಯಾರಾದರೂ ಅಸಲಿಯನ್ನು ಬದಲಾಯಿಸಿದ್ದರೆ?

ಇಷ್ಟಕ್ಕೂ ಕಾರಣ ಹೆಬ್ಬಾಳದ ಮನೆಯ ಮುಂದೆ ಹೊದಿಕೆ ಹೊದ್ದು ನಿಂತಿರುವ ಜಪಾನಿ ಕಾರು. ಮಾವ ಜಾಂಬಿಯಾದ ಗಣಿಯೊಂದರಲ್ಲಿ ಸರ್ವೆ ಕೆಲಸ ಮಾಡಿ ಮರಳುವಾಗ ಹಡಗಿನಲ್ಲಿ ತಂದದ್ದು. ಅಂಥದ್ದು ಬೆಂಗಳೂರಿನಲ್ಲಿ ಇನ್ನೊಂದಿಲ್ಲ ಎಂಬುದು ಅವರ ಹೆಮ್ಮೆ. ಇನ್ನೊಂದಿಲ್ಲದ್ದರಿಂದಲೇ ಅದರ ಒಂದು ಬೋಲ್ಟೂ ಸಿಗುವುದಿಲ್ಲ ಎಂಬುದು ಅತ್ತೆಯ ಗೋಳು. ಬಿಡಿಭಾಗವೆಲ್ಲ ಹೊರದೇಶದಿಂದಲೇ ಬರಬೇಕು. ಬಂದದ್ದು ಎಡಗಡೆ ಸ್ಟಿಯರಿಂಗಿನ ಗಾಡಿಯದಾದರೆ ಎಲ್ಲವೂ ತಿರುಗುಮುರುಗು. ಎಡಗಾಲಿನ ಚಪ್ಪಲಿಗೆ ಬಲಗಾಲು ತೂರಿಸಿದ ಹಾಗೆ.

ಹಾಗಾಗಿ ಪಾರ್ಸೆಲ್ ಬಂದ ದಿನ ಮನೆಯಲ್ಲಿ ಪಂಚನಾಮೆ ನಡೆಯುತ್ತದೆ. ಮೊದಲು ಡಬ್ಬವನ್ನು ದಿನಸಿ ಅಂಗಡಿಯ ತಕ್ಕಡಿಗೆ ಒಯ್ದು ತೂಗಿಸಬೇಕು. ಆಮೇಲೆ ಇಬ್ಬರು ಸಾಕ್ಷಿಗಳ ಎದುರು ಬಿಚ್ಚಬೇಕು. ಕೊನೆಯದು ಕನ್ನಡಿ ಪರೀಕ್ಷೆ. ಅತ್ತೆಯ ಬೀರುವಿನ ಕನ್ನಡಿಯ ಮುಂದೆ ಹೊಸ ಭಾಗವನ್ನು ಹಿಡಿದು, ಪಕ್ಕದಲ್ಲಿ ಮುರಿದ ಹಳೆಯದನ್ನು ಇಡುತ್ತಾರೆ. ಕನ್ನಡಿಯೊಳಗಿನ ಹೊಸದು, ಪಕ್ಕದಲ್ಲಿರುವ ಹಳೆಯದರ ಹಾಗೆಯೇ ಕಂಡರೆ ಮೋಸ! ಅದು ಎಡಗಡೆಯವರ ಮಾಲು. ಈ ಪರೀಕ್ಷೆ ಒಮ್ಮೆಯೂ ತಪ್ಪಿಲ್ಲ ಎಂದು ನಾನು ಒಪ್ಪಿಕೊಳ್ಳಲೇಬೇಕು. ಆದರೆ ಅತ್ತೆ ಸೀರೆಯ ನೆರಿಗೆ ಸರಿಮಾಡಿಕೊಳ್ಳಲು ನಿಂತಾಗಲೆಲ್ಲ ಕನ್ನಡಿಯಲ್ಲಿ ಅವರ ಹೊಟ್ಟೆಯ ಮೇಲೆ ಮಾವನ ಐದು ಬೆರಳುಗಳ ಗ್ರೀಸು ಕಾಣಿಸುತ್ತದೆ.

ನಾನೂ ಅನುಮಾನದ ಪ್ರಾಣಿಯೇ. ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರ ಓದಿ, ಯಾವುದನ್ನೂ ಪುರಾವೆ ಇಲ್ಲದೆ ನಂಬಬಾರದೆಂದು ಕಲಿತವನು. ಮಾವ ಜಗತ್ತನ್ನು ಅನುಮಾನಿಸಿದರೆ ನಾನು ನನ್ನ ನೆನಪನ್ನೇ ಅನುಮಾನಿಸುತ್ತೇನೆ. ಈ ಕಾರು ಮೊದಲು ಹಸಿರಾಗಿತ್ತೆಂದು ನನ್ನ ನೆನಪು. ಅತ್ತೆ ಕೇಳಿದರೆ ನಗುತ್ತಾರೆ. ನಿಜವೋ, ಕನಸೋ, ಯಾರದೋ ಕಾರೋ?

ಈ ವರ್ಷ ಕಾರಿಗೆ ಗಂಡಾಂತರ ಬಂತು. ಹಳೆಯ ಗಾಡಿ, ನೋಂದಣಿ ನವೀಕರಿಸಬೇಕು. ತಿಂಗಳ ಕೊನೆಯೊಳಗೆ ಪರೀಕ್ಷೆಯಲ್ಲಿ ಪಾಸಾಗದಿದ್ದರೆ ಗುಜರಿಗೆ. ಬೇರೆಲ್ಲ ಸರಿಯಿತ್ತು, ವೈಪರೇ ಇರಲಿಲ್ಲ. ಗಾಜಿನ ಕೆಳಗಿನ ತಗಡು ತುಕ್ಕು ಹಿಡಿದಿದೆಯೆಂದು ಯಶವಂತಪುರದ ಒಂದು ವೆಲ್ಡಿಂಗ್ ಅಂಗಡಿಗೆ ಬಿಟ್ಟಿದ್ದೆವು. ಅವನು ವೈಪರಿನ ಕಡ್ಡಿ, ತೋಳು, ಮೋಟಾರು ಎಲ್ಲ ಬಿಚ್ಚಿ, ಹೊಸ ತಗಡು ಬೆಸೆದು, ಬಿಚ್ಚಿದ್ದನ್ನು ಎಲ್ಲೋ ಕಳೆದ. ಮಾವನ ಪ್ರಕಾರ ಅವನು ಅಂಗಡಿ ತೆರೆದದ್ದೇ ಆ ವೈಪರಿಗಾಗಿ.

"ಗುಜರಿಗೆ ಹಾಕೋದಾದ್ರೆ ನನ್ನನ್ನೂ ಜೊತೇಲೇ ತೂಗ್ಸಿ," ಎಂದು ಮಾವ ಊಟ ಬಿಟ್ಟು ಎದ್ದರು.

ಕೊನೆಗೆ ನೈರೋಬಿಯ ವ್ಯಾಪಾರಿಯೊಬ್ಬ ಸಿಕ್ಕಿದ. ಆದರೆ ಅವನು ಒಂದು ಪ್ರಶ್ನೆ ಕೇಳಿದ. ಈ ಮಾದರಿಯಲ್ಲಿ ವೈಪರ್ ಎರಡು ಬಗೆ. ಒಂದರಲ್ಲಿ ಎರಡು ತೋಳುಗಳೂ ಒಂದೇ ಕಡೆ ಓಡುತ್ತವೆ. ಇನ್ನೊಂದರಲ್ಲಿ ಎರಡೂ ಎದುರುಬದುರು ಬಂದು ನಡುವೆ ಸೇರುತ್ತವೆ. ನಿಮ್ಮದು ಯಾವುದು? ಹಳೆಯ ಭಾಗವಿಲ್ಲ, ಕನ್ನಡಿ ಪರೀಕ್ಷೆ ಸಾಧ್ಯವಿಲ್ಲ. ಮಾವ ಫೋನು ಕೆಳಗಿಟ್ಟು ನನ್ನ ಕಡೆ ತಿರುಗಿದರು.

"ನೀನು ಚಿಕ್ಕೋನಿದ್ದಾಗ ಮುಂದೇನೇ ಕೂತ್ಕೊಳ್ತಿದ್ದೆಯಲ್ಲ. ಹೇಳೋ, ಹೆಂಗೆ ಓಡ್ತಿತ್ತು?"

ನನಗೆ ಒಂದು ಚಿತ್ರ ಬಂತು. ಮಳೆ, ಗಾಜು, ಎರಡು ತೋಳು ನಮಸ್ಕಾರ ಮಾಡಿದ ಹಾಗೆ ಕೂಡಿ ಮತ್ತೆ ಬಿಡುವುದು. ಎದುರುಬದುರು ಅಂದೆ. ಅಂದವನು, ಓದಿದ ಅಭ್ಯಾಸ ನೋಡಿ, ನೂರಕ್ಕೆ ಎಪ್ಪತ್ತು ಪಾಲು ಮಾತ್ರ ಖಾತ್ರಿ ಎಂದೂ ಸೇರಿಸಿದೆ. ಸ್ವಂತ ತಮ್ಮನ ಮಾತಿಗೂ ಸಾಕ್ಷಿ ಕೇಳುವ ಮನುಷ್ಯ ತಕ್ಷಣ ಆರ್ಡರು ಮಾಡಿಬಿಟ್ಟರು! ನನಗೆ ಒಳಗೊಳಗೇ ಹೆಮ್ಮೆಯಾಯಿತು, ಸುಳ್ಳೇಕೆ ಹೇಳಲಿ.

ಗಡುವಿಗೆ ಎರಡು ದಿನವಿರುವಾಗ ಡಬ್ಬ ಬಂತು. ಆರ್.ಟಿ. ನಗರದ ರಫೀಕ್ ಭಾಯ್ ನಮ್ಮ ಕಾಯಂ ಮೆಕ್ಯಾನಿಕ್. ಅದನ್ನು ಹೀಗಿಟ್ಟು ಹಾಗಿಟ್ಟು ನೋಡಿ, ಬಟ್ಟೆಯಲ್ಲಿ ಕೈ ಒರೆಸಿಕೊಂಡರು.

"ಸಾರ್, ಕೂರಲ್ಲ ಇದು. ಬಾಡೀಲಿ ಮೋಟಾರಿನ ಬೋಲ್ಟ್ ಜಾಗಾನೇ ಬೇರೆ ಐತೆ. ನಿಮ್ದು ಎರಡೂ ಒಂದೇ ಕಡೆ ಓಡೋದು."

ನನ್ನ ಕಿವಿ ಬಿಸಿಯಾಯಿತು. ಆ ನಮಸ್ಕಾರದ ವೈಪರ್ ಯಾವುದೋ ಬಸ್ಸಿನದಿರಬೇಕು. ಮಾವ ಮಾತ್ರ ನನ್ನನ್ನು ಬೈಯಲಿಲ್ಲ. ಬೋಲ್ಟಿನ ಜಾಗವನ್ನೇ ದಿಟ್ಟಿಸಿ, ಆ ವೆಲ್ಡಿಂಗಿನವನು ಕಾರನ್ನೇ ಬದಲಾಯಿಸಿದ್ದಾನೆ ಎಂದು ಘೋಷಿಸಿದರು. ರಫೀಕ್ ಭಾಯ್ ನಗು ತಡೆಯಲು ಬಾನೆಟ್ಟಿನೊಳಗೆ ತಲೆ ಹಾಕಿದರು.

ಆಗ ನನಗೆ ತಡೆಯಲಾಗಲಿಲ್ಲ. ಅಷ್ಟು ವರ್ಷ ಪ್ರತಿ ಮಳೆಗಾಲದಲ್ಲೂ ಆ ಗಾಜಿನ ಹಿಂದೆ ಕೂತು ಓಡಿಸಿದವರು ಅವರು. ಪಕ್ಕದಲ್ಲಿ ಕಡಲೆಕಾಯಿ ತಿನ್ನುತ್ತಿದ್ದವನು ನಾನು.

"ಮಾವ, ನಿಮಗೇ ಗೊತ್ತಿರ್ಬೇಕಿತ್ತಲ್ಲ. ನನ್ನನ್ನ ಯಾಕೆ ಕೇಳಿದ್ರಿ?"

ಮಾವ ರಫೀಕ್ ಭಾಯಿಯ ಬೆನ್ನಿನ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು.

"ನನಗೆ ನೆನಪಾಗ್ಲಿಲ್ಲ ಕಣೋ. ಎಷ್ಟು ಯೋಚನೆ ಮಾಡಿದ್ರೂ ಗಾಜು ಕಾಣುತ್ತೆ, ಮಳೆ ಕಾಣುತ್ತೆ, ಅದು ಮಾತ್ರ ಕಾಣಲ್ಲ. ಈಚೆಗೆ ಹಿಂಗೇ ಆಗ್ತಿದೆ. ನಿಮ್ಮತ್ತೆಗೆ ಹೇಳ್ಬೇಡ."

ರಫೀಕ್ ಭಾಯ್ ಎರಡು ದಿನದಲ್ಲಿ ಕಡ್ಡಿಗಳನ್ನು ಕತ್ತರಿಸಿ, ಗಿಡ್ಡ ಮಾಡಿ ಬೆಸೆದು, ಬೇರೆ ಪಟ್ಟಿ ಹಾಕಿ ಮೋಟಾರು ಕೂರಿಸಿದರು. ಗಾಜಿನ ಮೇಲೆ ಒಂದು ಬಕೆಟ್ ನೀರು ಸುರಿದಾಗ ಎರಡು ತೋಳುಗಳೂ ಒಂದೇ ಕಡೆಗೆ, ಸ್ವಲ್ಪ ಕುಂಟುತ್ತ ಓಡಿದವು. ಕೊನೆಯ ದಿನದ ಬೆಳಿಗ್ಗೆ ನಾವಿಬ್ಬರೂ ಯಲಹಂಕದಲ್ಲಿ ನಡೆಯುವ ಪರೀಕ್ಷೆಗೆ ಹೊರಟೆವು. ಹೆಬ್ಬಾಳದ ಫ್ಲೈಓವರ್ ದಾಟಿ ಏರ್‌ಪೋರ್ಟ್ ರಸ್ತೆ ಹಿಡಿಯುವ ತನಕ ಮಾವ ಮುಂದಿನ ಲಾರಿಯನ್ನೂ ಹಿಂದಿನ ಆಟೋವನ್ನೂ ಸರಿಸಮವಾಗಿ ಅನುಮಾನಿಸುತ್ತ ಬಂದರು. ಯಲಹಂಕಕ್ಕೆ ಕವಲೊಡೆಯುವ ಜಾಗ ಬಂತು. ಅವರು ಮೂವತ್ತು ವರ್ಷ ಓಡಾಡಿದ ದಾರಿ ಅದು. ಕಾರಿನ ವೇಗ ತಗ್ಗಿತು.

"ಎಡಕ್ಕಾ, ನೇರಕ್ಕಾ?" ಎಂದರು, ರಸ್ತೆಯಿಂದ ಕಣ್ಣು ತೆಗೆಯದೆ.

ಎಡಕ್ಕೆ ಅಂದೆ. ಖಂಡಿತಾನಾ ಎಂದು ಕೇಳದೆ ಮಾವ ತಿರುಗಿಸಿದರು.