ಭಾವನ ಏಳು ಬಟನ್ನಿನ ಮೌಸ್

ನಮ್ಮ ಭಾವನ ಬಲಗೈ ಹೆಬ್ಬೆರಳಿಗೆ ಇರುವಷ್ಟು ಬುದ್ಧಿ ನನ್ನ ಇಡೀ ತಲೆಗಿಲ್ಲ ಎಂದರೆ ನೀವು ನಗುತ್ತೀರಿ. ನಗಿ! ನಾನೂ ಮೊದಲು ನಕ್ಕವನೇ.

ಭಾವ ಎಂದರೆ ಅಕ್ಕನ ಗಂಡ. ಊರು ಪುತ್ತೂರು, ಕೆಲಸ ಕೊಚ್ಚಿಯ ಒಂದು ಬ್ಯಾಂಕಿನಲ್ಲಿ. ಹಗಲಿಡೀ ಗಂಭೀರ ಅಧಿಕಾರಿ; ಸಂಜೆ ಮುಂಡು ಉಟ್ಟು ಕಂಪ್ಯೂಟರ್ ಮುಂದೆ ಕೂತರೆ ಯುದ್ಧದ ಆಟದಲ್ಲಿ ಬಂದೂಕು ಹಿಡಿದ ಸಿಪಾಯಿ! ನಮ್ಮಂಥವರ ಮೌಸಿಗೆ ಎರಡು ಬಟನ್, ಅವರದಕ್ಕೆ ಏಳು. ಯಾವುದನ್ನು ಒತ್ತಿದರೆ ಹಾರಬೇಕು, ಯಾವುದಕ್ಕೆ ಬಾಂಬು ಎಸೆಯಬೇಕು ಎಂದು ಕಂಪ್ಯೂಟರಿಗೆ ಕಲಿಸುವುದೇ ಅವರಿಗೆ ಆಟಕ್ಕಿಂತ ದೊಡ್ಡ ಆಟ.

ಬ್ಯಾಂಕಿನಲ್ಲಿ ಒಬ್ಬರು ಬರೆದದ್ದನ್ನು ಇನ್ನೊಬ್ಬರು ನೋಡಿ ಸಹಿ ಹಾಕದೆ ಜಾರಿಗೆ ಬರುವುದಿಲ್ಲವಂತೆ. ಮನೆಯಲ್ಲೂ ಅದೇ ನಿಯಮ! ಒಂದು ಬಟನ್ನಿನ ಕೆಲಸ ಬದಲಾದರೂ ರಿಜಿಸ್ಟರಿನಲ್ಲಿ ಬರೆದು ಅಕ್ಕನ ಸಹಿ ಪಡೆಯಬೇಕು.

“ಐದನೇ ಬಟನ್ನಿಗೆ ಬಾಂಬು. ಇಲ್ಲೊಂದು ಸಹಿ ಹಾಕು ಮಾರಾಯ್ತಿ.”

“ಮೊದಲು ಬೆಂಡೆಕಾಯಿ ತನ್ನಿ. ಬಾಂಬು ಮತ್ತೆ ನೋಡುವ.”

ಭಾವ ವೈಟ್ಟಿಲದ ಮಾರ್ಕೆಟ್ಟಿಗೆ ಹೋಗಿ ಬೆಂಡೆಕಾಯಿ ತಂದರು. ಅಲ್ಲಿಯವರೆಗೆ ಒಂದೇ ಒಂದು ಬಾಂಬು ಎಸೆಯಲಿಲ್ಲ!

ನಾನಿದ್ದದ್ದು ತಿರುವನಂತಪುರದ ಕಳಕ್ಕೂಟಂನಲ್ಲಿ, ಐಟಿ ಕೆಲಸ. ಪ್ರತಿ ಭಾನುವಾರ ಇಂಟರ್ನೆಟ್ಟಿನಲ್ಲಿ ಕೊಚ್ಚಿಗೂ ನಮಗೂ ಯುದ್ಧ. ಈ ಕಡೆ ನಾನು ಮತ್ತು ಫ್ಲ್ಯಾಟಿನ ಮೂವರು ಮಲಯಾಳಿ ಗೆಳೆಯರು, ಆ ಕಡೆ ಭಾವ ಒಬ್ಬರೇ. ನಾವು ಎಡಗೈಯಲ್ಲಿ ಕೀಬೋರ್ಡ್ ತಡಕಾಡುವಷ್ಟರಲ್ಲಿ ಅವರ ಹೆಬ್ಬೆರಳು ಮೂರು ಕೆಲಸ ಮುಗಿಸಿರುತ್ತಿತ್ತು. ನಾಲ್ವರೂ ಸತ್ತು ಬಿದ್ದ ಮೇಲೆ ಅವರ ಫೋನು: “ಊಟ ಆಯ್ತಾ ಮಾರಾಯ?”

“ಈ ಚೇಟ್ಟನ್ ಮನುಷ್ಯನೇ ಅಲ್ಲ,” ಎಂದು ಭಾವನನ್ನು ತಮ್ಮ ಭಾಷೆಯಲ್ಲಿ ಅಣ್ಣ ಎನ್ನುತ್ತಿದ್ದ ಗೆಳೆಯರು ಫೋನಿಗೇ ಕೈ ಮುಗಿಯುತ್ತಿದ್ದರು. ಆ ಮೌಸನ್ನು ಬೇರೆ ಯಾರೂ ಮುಟ್ಟುವಂತಿರಲಿಲ್ಲ. ಅಕ್ಕ ಧೂಳು ಒರೆಸುವುದಕ್ಕೂ ಅಪ್ಪಣೆ ಬೇಕು!

ಹೀಗಿರುವಾಗ ನಾನು ಬೈಕಿನಿಂದ ಬಿದ್ದೆ. ಎಡಗೈಯ ನರಕ್ಕೆ ಪೆಟ್ಟು. ಬೆರಳುಗಳು ಮತ್ತೆ ಆಡುತ್ತವೋ ಇಲ್ಲವೋ ಡಾಕ್ಟರರೂ ಖಚಿತವಾಗಿ ಹೇಳಲಿಲ್ಲ. ಹೆದರಿಹೋದೆ. ಭಾನುವಾರ ಗೆಳೆಯರು ಆಡಲು ಕೂತರೆ ಗೋಡೆಯ ಕಡೆ ತಿರುಗಿ ಮಲಗುತ್ತಿದ್ದೆ. “ಇನ್ನು ನನ್ನನ್ನು ಆಟಕ್ಕೆ ಕರೀಬೇಡಿ,” ಎಂದು ಭಾವನಿಗೂ ಹೇಳಿಬಿಟ್ಟೆ. ಅವರು “ಹೌದಾ” ಎಂದಷ್ಟೇ ಅಂದು ಫೋನ್ ಇಟ್ಟರು. ಒಂದು ಸಮಾಧಾನದ ಮಾತು ಬೇಡವೇ?

ವಾರ ಕಳೆದು ಅಕ್ಕನ ಫೋನು. “ಇವರಿಗೆ ಪೂರ್ತಿ ಹುಚ್ಚು! ನನ್ನ ಶಾಲಿನಲ್ಲಿ ಎಡಗೈಯನ್ನು ಸೊಂಟಕ್ಕೆ ಕಟ್ಟಿಕೊಂಡು ಆಡುದು. ಎಲ್ಲರ ಹತ್ರ ಸೋಲುದು. ಎಂತ ಅಂತ ಕೇಳಿದ್ರೆ ಟೆಸ್ಟಿಂಗ್ ಅಂತೆ!”

ನನಗೆ ನಗು ಬರಲಿಲ್ಲ. ನನ್ನ ಕಷ್ಟ ಇವರಿಗೆ ಆಟವಾಯಿತೇ ಎಂದು ಮೈಯೆಲ್ಲ ಉರಿಯಿತು.

ಮರು ಭಾನುವಾರ ಬೆಳಗ್ಗೆ ಭಾವ ಹೇಳದೆ ಕೇಳದೆ ಬಾಗಿಲಲ್ಲಿ ನಿಂತಿದ್ದರು. ಚೀಲದಿಂದ ಟವೆಲಿನಲ್ಲಿ ಸುತ್ತಿದ ಮೌಸ್ ತೆಗೆದು ನನ್ನ ಕಂಪ್ಯೂಟರಿಗೆ ಸಿಕ್ಕಿಸಿದರು, ಅದರ ಜೊತೆ ಬಂದಿದ್ದ ಸಿಡಿ ಹಾಕಿದರು.

“ಹೆಬ್ಬೆರಳಿನ ಹತ್ರದ ಬಟನ್ನಿಂದ ಮುಂದೆ, ಹಿಂದೆ ಹೋಗುದು. ಚಕ್ರ ಒತ್ತಿದ್ರೆ ಹಾರುದು. ಕೀಬೋರ್ಡೇ ಬೇಡ. ಒಂದು ಕೈ ಸಾಕು.”

“ಮತ್ತೆ ನಿಮಗೆ?”

“ಎರಡು ಬಟನ್ನಿಂದು ಉಂಟಲ್ಲ. ನಾನು ಸ್ವಲ್ಪ ಸೋತ್ರೆ ಎಂತ?”

ರಿಜಿಸ್ಟರ್ ನನ್ನ ಮುಂದೆ ಬಂತು. ಏಳೂ ಬಟನ್ನುಗಳ ಕೆಲಸ ಬದಲಾಗಿತ್ತು. ಕೆಳಗೆ ಭಾವನ ದುಂಡು ಅಕ್ಷರ: ‘ಒಂದೇ ಕೈಯಲ್ಲಿ ಆಡಿ ನೋಡಲಾಗಿದೆ. ಗೆಲ್ಲಬಹುದು.’ ಪಕ್ಕದಲ್ಲಿ ಸಹಿಯ ಜಾಗ ಖಾಲಿ ಇತ್ತು.

“ಹಾಕು ಮಾರಾಯ. ನೀನು ಸಹಿ ಹಾಕದೆ ಜಾರಿಗೆ ಬರುದಿಲ್ಲ.”

ನನ್ನ ಬಲಗೈಗೆ ಏನೂ ಆಗಿರಲಿಲ್ಲ. ಆದರೂ ಸಹಿ ನೆಟ್ಟಗೆ ಬರಲಿಲ್ಲ.