ಆಡಿಟರಿಗೆ ಎದುರಾಳಿ ಹುಡುಕಿದ್ದು

ಸೋಮವಾರ ಬೆಳಗ್ಗೆ ಹಂಡೆಗೆ ಉರಿ ಹಾಕಿದೆ. ದೋಸೆ ಹುಯ್ದೆ. ಹಿತ್ತಲ ನುಗ್ಗೆಸೊಪ್ಪು ಬಿಡಿಸಿಟ್ಟೆ. ಯಜಮಾನರ ಅಂಗಿಗೆ ಗುಂಡಿ ಹೊಲಿದೆ. ಹಾಲಿಗೆ ನೀರು ಬೆರೆಸಿದ್ದಕ್ಕೆ ಹಾಲಿನವನ ಜೊತೆ ಜಗಳ ಮುಗಿಸಿದೆ. ಒಂಬತ್ತೂವರೆಗೆ, ಮಂಡ್ಯದ ಆಡಿಟರ ಏಕಚಕ್ರಾಧಿಪತ್ಯವನ್ನು ಕೊನೆಗಾಣಿಸಲು ಮದ್ದೂರಿನ ಬಸ್ಸು ಹತ್ತಿದೆ!

ನಾನು ನಮ್ಮ ಮಹಿಳಾ ಸಮಾಜದ ಕಾರ್ಯದರ್ಶಿ. ನಮ್ಮ ಶಿಶುವಿಹಾರಕ್ಕೆ ಸರ್ಕಾರದ ಸಹಾಯಧನ ಬರಬೇಕಾದರೆ ಶನಿವಾರದೊಳಗೆ ಆಡಿಟ್ ವರದಿ ಕೊಡಬೇಕು. ಇಲ್ಲದಿದ್ದರೆ ಮಕ್ಕಳ ಮಧ್ಯಾಹ್ನದ ಉಪ್ಪಿಟ್ಟು ಬಂದ್. ಅಕ್ಕಿ ಗಿರಣಿಯಿಂದ ದೇವಸ್ಥಾನದವರೆಗೆ ನಮ್ಮ ಮಂಡ್ಯಕ್ಕೆಲ್ಲ ಒಬ್ಬರೇ ಆಡಿಟರು. ನಮ್ಮ ಲೆಕ್ಕದ ಪುಸ್ತಕಗಳು ಎರಡು ತಿಂಗಳಿಂದ ಅವರ ಬೀರುವಿನ ಮೇಲೆ ತಪಸ್ಸು ಮಾಡುತ್ತಿದ್ದವು.

"ಒಬ್ಬನೇ ಇದ್ದರೆ ಹೀಗೇ ಕಣೇ. ಪೈಪೋಟಿ ಹುಟ್ಟಿಸು, ಓಡೋಡಿ ಬರ್ತಾರೆ," ಎಂದಿದ್ದರು ಹೈಸ್ಕೂಲಿನಲ್ಲಿ ಅರ್ಥಶಾಸ್ತ್ರ ಹೇಳುವ ಯಜಮಾನರು. ಇಪ್ಪತ್ತು ವರ್ಷದಲ್ಲಿ ಅವರ ಮಾತು ಕೇಳಿದ್ದು ಅದೇ ಮೊದಲು!

ಮದ್ದೂರಿನಲ್ಲಿ ಆಡಿಟರ ಬಾಗಿಲಲ್ಲಿ ಜವಾನ ಬೀಡಿ ಸೇದುತ್ತಿದ್ದ.

"ಅವ್ರು ಓದ ತಿಂಗ್ಳೇ ಮಂಡ್ಯದೋರ ಜೊತೆ ಸೇರ್ಕಂಡ್ರು ಕಣಮ್ಮ. ಈಗ ಇದೂ ಅವ್ರುದೇ ಆಪೀಸು. ಮಂಡ್ಯದೋರ್ಗೆ ಏನಾರ ಯೋಳ್ಬೇಕಾ?"

"ಏನೂ ಬೇಡಪ್ಪ!" ಎಂದವಳೇ ಮಳವಳ್ಳಿ ಬಸ್ಸಿಗೆ ಓಡಿದೆ.

ಮಳವಳ್ಳಿಯ ಆಡಿಟರು ಮಾತ್ರ ಸ್ವತಂತ್ರರು. "ಮಂಡ್ಯದೋರ ಗತ್ತು ನಂಗೊತ್ತಿಲ್ವಾ! ಬುಡಿ ಅಮ್ಮ, ನಾನ್ ಮಾಡ್ಕೊಡ್ತೀನಿ." ನನ್ನ ಆನಂದಕ್ಕೆ ಪಾರವಿಲ್ಲ. ಅಲ್ಲೇ ಸಮಾಜದ ಮೊಹರು ಒತ್ತಿ, "ತಮ್ಮನ್ನು ಈ ಮೂಲಕ ನೇಮಿಸಲಾಗಿದೆ" ಎಂದು ಬರೆದುಕೊಟ್ಟೆ. ವಿಷಯ ಗುಟ್ಟಾಗಿರಲಿ ಎಂದೂ ಹೇಳಿದೆ. ಅವರು ನಕ್ಕರು.

ಗುರುವಾರ ಬೆಳಗ್ಗೆ ಮನೆ ಮುಂದೆ ಒಂದು ಸ್ಕೂಟರು ನಿಂತಿತು. ಮುಂದೆ ಮಂಡ್ಯದವರು. ಹಿಂದೆ ಮಳವಳ್ಳಿಯವರು! ನನ್ನ ಕೈಯಲ್ಲಿದ್ದ ಸೌಟು ಕೆಳಗೆ ಬಿತ್ತು.

"ಹಳೇ ಆಡಿಟರಿಗೆ ಕಾಗದ ಬರೆದು, ಆಕ್ಷೇಪಣೆ ಇದೆಯಾ ಅಂತ ಕೇಳ್ದೆ ಹೊಸಬ್ರು ಕೆಲ್ಸ ಒಪ್ಪೋ ಹಂಗಿಲ್ಲ ಅಮ್ಮ. ಅದು ನಮ್ಮ ನಿಯಮ," ಎಂದರು ಮಳವಳ್ಳಿಯವರು, ತಲೆ ಕೆರೆಯುತ್ತ.

"ನಿನ್ನೆ ನಿಮ್ಮ ವರದಿಗೆ ಸಹಿ ಹಾಕೋಣ ಅಂತ ಪೆನ್ನು ತೆಗ್ದೆ. ಆಗಲೇ ಇವ್ರ ಕಾಗದ ಬಂತು," ಎಂದರು ಮಂಡ್ಯದವರು. "ಈಗ ನಾನು ಹಾಕೋ ಹಾಗಿಲ್ಲ. ಪುಸ್ತಕ ನೋಡ್ದೆ ಇವ್ರೂ ಹಾಕೋ ಹಾಗಿಲ್ಲ."

ಮೊನ್ನೆಯವರೆಗೆ ಒಬ್ಬ ಆಡಿಟರಿದ್ದರು. ಇಬ್ಬರಾದ ಮೇಲೆ ಸಹಿ ಹಾಕುವವರೇ ಇಲ್ಲ! ಎದುರುಮನೆಯ ಶಿಶುವಿಹಾರದಿಂದ ಒಗ್ಗರಣೆ ವಾಸನೆ ಬಂತು. ನನಗೆ ಅಳುವೇ ಬಂತು.

"ಅಳಬೇಡಿ ಅಮ್ಮ. ನನ್ನ ನೇಮಕ ರದ್ದು ಅಂತ ಬರ್ಕೊಡಿ, ಆಯ್ತು," ಎಂದರು ಮಳವಳ್ಳಿಯವರು.

ಬರೆದುಕೊಟ್ಟೆ. ಮಂಡ್ಯದವರು ಊಟದ ಮಣೆಯ ಮೇಲೆ ವರದಿ ಇಟ್ಟು ಸಹಿ ಎಳೆದರು. ಅಬ್ಬಾ! ಕಾಫಿ ಕೊಟ್ಟೆ.

"ಉಪಕಾರ ನಿಮ್ಮದೇ," ಎಂದರು ಮಂಡ್ಯದವರು ಕುಡಿಯುತ್ತ. "ಎರಡು ವರ್ಷದಿಂದ ಇವ್ರನ್ನ ಮಾತಾಡ್ಸೋಕೆ ನೆಪ ಹುಡುಕ್ತಿದ್ದೆ. ನಿಮ್ಮ ನೇಮಕದ ಬಗ್ಗೆ ಇವ್ರು ಬರೆದ ಕಾಗದ ಹಿಡ್ಕೊಂಡು ನಿನ್ನೆ ಸಂಜೆ ಮಳವಳ್ಳಿಗೆ ಹೋದೆ. ಮುಂದಿನ ತಿಂಗಳಿಂದ ಇವ್ರೂ ನಮ್ಮಲ್ಲಿಗೇ ಸೇರ್ತಾರೆ!"

ಅವರು ಬಿಟ್ಟಿದ್ದ ಒಂದೇ ಊರನ್ನೂ ನಾನೇ ಮೊಹರು ಒತ್ತಿ ಅವರ ಕೈಗಿಟ್ಟಿದ್ದೆ.

ವರದಿಯನ್ನು ಆಗಲೇ ಸರ್ಕಾರಿ ಕಚೇರಿಗೆ ಮುಟ್ಟಿಸಿ ಬಂದೆ. ರಾತ್ರಿ ಮುದ್ದೆ, ಉಪ್ಪೆಸರು, ಎರಡು ಹಪ್ಪಳ. "ಎದುರಾಳಿ ಸಿಕ್ಕಿದ್ರೇನೇ?" ಎಂದು ಯಜಮಾನರು ಕೇಳುವಷ್ಟರಲ್ಲಿ ಕಂಬಳಿ ತಲೆತುಂಬ ಹೊದ್ದು ಮೊದಲು ಮಲಗಿದವಳು ನಾನೇ.